ಘುಣಾಕ್ಷರ

ಸಂಸ್ಕೃತದ ಲೌಕಿಕನ್ಯಾಯಗಳಲ್ಲಿ ಘುಣಾಕ್ಷರನ್ಯಾಯವೆಂಬುದೊಂದುಂಟು. ಮರವನ್ನೋ ಓಲೆಯನ್ನೋ ಕೊರೆದು ತಿನ್ನುವ ಹುಳುವಿಗೆ ಘುಣವೆಂದು ಹೆಸರು. ಅದು ತನ್ನ ಹೊಟ್ಟೆಪಾಡಿಗಾಗಿ ಅತ್ತಿತ್ತ ಕೊರೆಯುತ್ತ ಹೋದಾಗ ಆ ಗೀರುಗಳಲ್ಲಿ ಎಲ್ಲಿಯೋ ಒಂದೆಡೆ ಅಕಾರವೋ ಕಕಾರವೋ ಮೂಡಿದಂತೆ ಕಾಣಬಹುದು. ಹುಳುವಿಗೆ ಅಕ್ಷರಜ್ಞಾನವಿಲ್ಲ, ಬರೆಯಬೇಕೆಂಬ ಸಂಕಲ್ಪವೂ ಇಲ್ಲ. ಆದುದರಿಂದ ಯತ್ನವಿಲ್ಲದೆ ಆಕಸ್ಮಿಕವಾಗಿ ಒದಗಿದ ಫಲಕ್ಕೆ ಪಂಡಿತರು ಈ ದೃಷ್ಟಾಂತವನ್ನು ಹೇಳುತ್ತ ಬಂದಿದ್ದಾರೆ. ನ್ಯಾಯವೇನೋ ಸೊಗಸಾದುದು. ಆದರೆ ಹುಳುವಿನ ಪಕ್ಷದಲ್ಲಿ ನಿಂತು ನೋಡಿದರೆ ಅದರಲ್ಲೊಂದು ಸಣ್ಣ ಅನ್ಯಾಯವೂ ಇದೆ. ಹುಳು ಬರೆದುದೆಲ್ಲವೂ ಆಕಸ್ಮಿಕವಲ್ಲ; ಓದಬಲ್ಲವರು ವಿರಳವಾದುದರಿಂದ ಅದು ಆಕಸ್ಮಿಕವೆನಿಸಿತು.

ಯೂರೋಪಿನ ಸ್ಪ್ರೂಸ್ ಮರಗಳ ತೊಗಟೆಯಡಿಯಲ್ಲಿ ಒಂದು ಸಣ್ಣ ದುಂಬಿ ವಾಸಿಸುತ್ತದೆ. ಸ್ವೀಡನ್ ದೇಶದ ಲಿನೇಯಸ್ ಪಂಡಿತನು 1758ರಲ್ಲಿ ಅದಕ್ಕೆ 'ಟೈಪೋಗ್ರಾಫಸ್', ಎಂದರೆ ಅಚ್ಚುಗಾರ, ಎಂದು ಹೆಸರಿಟ್ಟನು. ತಾಯಿದುಂಬಿಯು ಮರದ ಉದ್ದಕ್ಕೆ ಒಂದು ಓಣಿಯನ್ನು ಕೊರೆದು ಅದರ ಇಕ್ಕೆಲಗಳಲ್ಲಿಯೂ ಮೊಟ್ಟೆಗಳನ್ನಿಡುತ್ತದೆ. ಮರಿಗಳು ಅಲ್ಲಿಂದ ಅಡ್ಡಡ್ಡಲಾಗಿ ತಮ್ಮ ತಮ್ಮ ಓಣಿಗಳನ್ನು ಕೊರೆದುಕೊಂಡು ಹೋಗುತ್ತವೆ. ತೊಗಟೆಯನ್ನು ಸುಲಿದರೆ ಪುಟದಲ್ಲಿ ಅಚ್ಚಾದ ಸಾಲುಗಳಂತೆ ಅವು ಕಾಣುವುವು. ಈ ಜಾತಿಯ ದುಂಬಿಗಳಲ್ಲಿ ಒಂದೊಂದು ಬಗೆಗೂ ಓಣಿಯ ವಿನ್ಯಾಸ ಒಂದೊಂದು ತೆರನಾಗಿರುವುದರಿಂದ, ಅನುಭವವುಳ್ಳ ಅರಣ್ಯಾಧಿಕಾರಿಯು ಹುಳುವನ್ನು ಕಾಣದೆಯೇ ತೊಗಟೆಯ ಬರಹದಿಂದ ಅದು ಇಂತಹುದೆಂದು ಹೇಳಬಲ್ಲನು. ಈ ತೊಗಟೆದುಂಬಿಗಳೂ ಮೂತಿಹುಳುಗಳ ಕುಟುಂಬಕ್ಕೇ ಸೇರಿದವೆಂದು ಇಂದಿನ ಪ್ರಾಣಿಶಾಸ್ತ್ರಜ್ಞರು ಒಪ್ಪಿರುತ್ತಾರೆ.

ಮೂತಿಹುಳುವೆಂದರೆ ಯಾವುದೆಂದು ನಮ್ಮ ಮನೆಗಳಲ್ಲಿ ವಿವರಿಸಬೇಕಾದುದಿಲ್ಲ. ಮಳೆಗಾಲದಲ್ಲಿ ಅಕ್ಕಿಯ ಡಬ್ಬಿಯ ಮುಚ್ಚಳ ತೆಗೆದರೆ ಗೋಡೆಗೆ ಹತ್ತುವ, ಮುಖದ ಮುಂದೆ ಆನೆಯ ಸೊಂಡಿಲಿನಂತಹ ಮೂತಿಯುಳ್ಳ ಕಂದುಬಣ್ಣದ ಹುಳು ಇದೇ. ಲೋಕದಲ್ಲಿ ಈ ವರ್ಗದ ಹುಳುಗಳಲ್ಲಿ 60,000ಕ್ಕೆ ಕಡಮೆಯಿಲ್ಲದಷ್ಟು ಬಗೆಗಳಿಗೆ ಈವರೆಗೆ ಹೆಸರಿಡಲಾಗಿದೆ. ಆದರೆ ಆ ಹೆಸರುಗಳೆಲ್ಲವೂ ಪ್ರಾಯಿಕವಾಗಿ ಬೆಳೆದ ಹುಳುವನ್ನು ನೋಡಿ ಇಟ್ಟವು. ಭಾರತದ ಮೂತಿಹುಳುಗಳನ್ನು ಕುರಿತು ಗೈ ಮಾರ್ಷಲ್ ಎಂಬ ವಿದ್ವಾಂಸನು 1916ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥವೂ ಬೆಳೆದ ಹುಳುವಿನ ಮೂತಿ, ಮೀಸೆ, ರೆಕ್ಕೆಯ ಕವಚ, ಕಾಲುಗಳನ್ನೇ ಆಧಾರವಾಗಿರಿಸಿಕೊಂಡಿದೆ. ಹಾನಿಯನ್ನು ಮಾಡುವುದಾದರೋ ಬಹುಮಟ್ಟಿಗೆ ಮರಿ. ಮರಿಗೆ ಮೂತಿಯಿಲ್ಲ, ರೆಕ್ಕೆಯಿಲ್ಲ, ಬಣ್ಣವಿಲ್ಲ, ಕಾಲೂ ಇಲ್ಲ. ಗುರುತಿಗೆ ಬೇಕಾದುದೊಂದೂ ಇಲ್ಲದ ಕಾಲದಲ್ಲಿಯೇ ಅದರ ಗುರುತು ನಮಗೆ ಅತ್ಯಂತ ಅಗತ್ಯವಾಗಿ ಬೇಕಾಗುವುದು. ಇದೇ ಈ ವಿಷಯದ ತೊಡಕು.

ಆದರೂ ಇಲ್ಲದಿರುವುದೇ ಒಂದು ಗುರುತು. ಮೂತಿಹುಳುವಿನ ಮರಿಯು ಬೆಳ್ಳಗೆ ಮೆತ್ತಗೆ ಬಿಲ್ಲಿನಂತೆ ಬಾಗಿರುವುದು; ಮೈಮೇಲೆ ಅಡ್ಡ ಸುಕ್ಕುಗಳಿರುವುವು; ತಲೆ ಮಾತ್ರ ಕಂದುಬಣ್ಣವಾಗಿ ಗಟ್ಟಿಯಾಗಿರುವುದು; ಎದೆಯ ಭಾಗದಲ್ಲಿ ಕಾಲುಗಳಿರುವುದಿಲ್ಲ. ಈ ಲಕ್ಷಣಗಳನ್ನು ಒಟ್ಟಾಗಿ ಹಿಡಿಯಬೇಕು, ಬಿಡಿಬಿಡಿಯಾಗಿ ಹಿಡಿಯಲಾಗದು. ನೊಣದ ಮರಿಗೂ ಕಾಲಿಲ್ಲ, ಆದರೆ ಅದಕ್ಕೆ ಎದ್ದು ಕಾಣುವ ತಲೆಯೂ ಇಲ್ಲ. ಉದ್ದಮೀಸೆಯ ಕಾಂಡಕೊರಕಗಳ ಮರಿಗೆ ಕಾಲುಗಳು ಇದ್ದೂ ಇಲ್ಲದಂತಿರುವುವು, ಆದರೆ ಅದು ಬಾಗದೆ ನೀಳವಾಗಿರುವುದು. ಅಡಿಗೆಮನೆಯಲ್ಲಿಯೇ ಈ ಪರೀಕ್ಷೆಯನ್ನು ಮಾಡಬಹುದು. ಅಕ್ಕಿಯನ್ನು ಬಲೆಯಿಂದ ಗಂಟುಗಂಟಾಗಿ ಹೆಣೆಯುವ ಹುಳುವಿಗೆ ಎದೆಯಲ್ಲಿಯೂ ಹೊಟ್ಟೆಯಲ್ಲಿಯೂ ಕಾಲುಗಳುಂಟು. ಅದು ಪತಂಗದ ಮರಿ. ಹೆಸರುಕಾಳಿನ ಮೇಲೆ ಸುಣ್ಣದ ಚುಕ್ಕೆಯಂತಹ ಮೊಟ್ಟೆ ಅಂಟಿದ್ದರೆ ಅದು ಕಾಳುದುಂಬಿಯದು. ಜನರು ಅದನ್ನೂ ಮೂತಿಹುಳುವಿನೊಡನೆ ಸೇರಿಸಿ ಮಾತನಾಡುವುದುಂಟಾದರೂ ಕುಲ ಬೇರೆ, ಬೆಳೆದಾಗ ಅದಕ್ಕೆ ಸೊಂಡಿಲೂ ಇರುವುದಿಲ್ಲ. ಅಕ್ಕಿಯ ಮೂತಿಹುಳುವಾದರೋ ಕಾಳಿನಲ್ಲಿ ಮೂತಿಯಿಂದ ರಂಧ್ರವನ್ನು ಕೊರೆದು, ಒಳಗೆ ಮೊಟ್ಟೆಯಿಟ್ಟು, ಬಾಯನ್ನು ತನ್ನ ದ್ರವದಿಂದ ಮುಚ್ಚಿಬಿಡುತ್ತದೆ. ಮರಿಯು ಆ ಒಂದು ಕಾಳಿನಲ್ಲಿಯೇ ಹುಟ್ಟಿ, ಉಂಡು, ಕೋಶಾವಸ್ಥೆಯನ್ನು ಕಳೆದು, ರೆಕ್ಕೆ ಬಂದ ಮೇಲೆಯೇ ಹೊರಗೆ ಬರುವುದು. ಅಕ್ಕಿಯನ್ನು ನೀರಿಗೆ ಹಾಕಿದಾಗ ತೇಲುವ ಕಾಳನ್ನು ಒಡೆದು ನೋಡಿದ ಗೃಹಿಣಿಯರು ಮಾತ್ರ ಅದರ ಬಾಲ್ಯವನ್ನು ಕಂಡಿರುತ್ತಾರೆ.

ಇಂತಹ ಗೃಹಿಣಿಯೊಬ್ಬರ ಕಣ್ಣು ಒಂದು ತೋಟವನ್ನು ಉಳಿಸಿದ ಸಂಗತಿಯನ್ನು ಇಲ್ಲಿ ಹೇಳುವುದು ಉಚಿತವಾಗಿದೆ. ತಿಪಟೂರಿನ ಕಡೆಯ ಗೃಹಸ್ಥರೊಬ್ಬರಿಗೆ ಎಂಬತ್ತು ತೆಂಗಿನ ಮರಗಳ ತೋಟವಿದ್ದಿತು. ಮನೆಯ ಖರ್ಚೂ ಮೊಮ್ಮಗನ ಕಾಲೇಜಿನ ಫೀಸೂ ಆ ತೋಟದ ಕೊಬ್ಬರಿಯಿಂದಲೇ ನಡೆಯಬೇಕಾಗಿದ್ದಿತು. ಒಂದು ವರ್ಷ ಎಳೆಯ ಮರಗಳು ಒಂದೊಂದಾಗಿ ಸುಳಿ ಬಾಗಿ ಸಾಯತೊಡಗಿದವು. ತಿಪ್ಪೆಯನ್ನು ಅಗೆದಾಗ ಬೆರಳುಗಾತ್ರದ ಬಿಳಿಯ ಗೊಣ್ಣೆಹುಳುಗಳು ಹೇರಳವಾಗಿ ದೊರೆತವು. ಮರ ಹತ್ತುವ ಆಳು, "ಯಜಮಾನರೆ, ಹುಳುವೆಲ್ಲ ಹುಟ್ಟುವುದು ಇಲ್ಲಿಯೇ. ತಿಪ್ಪೆ ತೆಗೆಸಿ, ಮರ ಉಳಿಯುತ್ತವೆ" ಎಂದನು. ಯಜಮಾನರು ತಿಪ್ಪೆಯನ್ನು ತೆಗೆಸಿದರು. ಹುಳುಗಳನ್ನು ಆರಿಸಿ ಕೊಲ್ಲಿಸಿದರು. ಆ ಮೇಲೆಯೂ ಮೂರು ಮರಗಳು ಹೋದವು. ತಿಪ್ಪೆಯಲ್ಲಿ ಹುಟ್ಟಿದ ಹುಳು ನೆಲದೊಳಗಿನಿಂದ ಬೇರಿಗೆ, ಬೇರಿನಿಂದ ಸುಳಿಗೆ ಏರುವುದೆಂದು ಊರಿನವರೆಲ್ಲರೂ ನಿರ್ಧರಿಸಿದರು. ಯಜಮಾನರು ತೋಟವನ್ನೇ ಮಾರಿಬಿಡುವ ಯೋಚನೆಯಲ್ಲಿದ್ದರು.

ಸತ್ತ ಮರವೊಂದನ್ನು ಸೀಳಿಸಿದ ದಿನ ಒಳಗಿನಿಂದ ಹುಳುಗಳು ಉದುರಿದವು. ಯಜಮಾನರು ಅವುಗಳನ್ನು ನೋಡಿ, "ಅದೇ ತಿಪ್ಪೆಯ ಹುಳು" ಎಂದು ಮುಖ ತಿರುಗಿಸಿದರು. ಅವರ ಪತ್ನಿಯು ಮಾತನಾಡದೆ ಮೊರವನ್ನು ತಂದು, ಒಂದು ಕಡೆ ಮರದ ಹುಳುವನ್ನೂ ಇನ್ನೊಂದು ಕಡೆ ತಿಪ್ಪೆಯ ಹುಳುವನ್ನೂ ಇಟ್ಟು ನೋಡಿದರು.

"ಎರಡೂ ಒಂದೇ ಎನ್ನುತ್ತೀರಲ್ಲ, ಸ್ವಲ್ಪ ಇಲ್ಲಿ ನೋಡಿ. ತಿಪ್ಪೆಯದಕ್ಕೆ ಆರು ಕಾಲುಗಳಿವೆ, ಇದಕ್ಕೆ ಒಂದೂ ಇಲ್ಲ. ಇದು ಅಕ್ಕಿಯ ಕಾಳಿನಲ್ಲಿ ಸಿಕ್ಕುವ ಮರಿಯ ಹಾಗಿದೆ" ಎಂದರು.

"ಅಕ್ಕಿಯ ಹುಳುವೆಲ್ಲಿ, ತೆಂಗಿನ ಹುಳುವೆಲ್ಲಿ! ನೀನೊಬ್ಬಳು" ಎಂದು ಯಜಮಾನರು ನಕ್ಕರು.

"ಗಾತ್ರ ಬೇರೆ, ಆಕಾರ ಅದೇ" ಎಂದು ಆಕೆ ಮೊರವನ್ನು ಅವರ ಮುಂದಕ್ಕೆ ಸರಿಸಿದರು.

ಆಕೆಯ ಮಾತು ಎಷ್ಟು ನಿಜವೆಂಬುದು ಆಕೆಗೂ ತಿಳಿದಿರಲಾರದು. ತೆಂಗಿನ ಕಾಂಡವನ್ನು ತಿನ್ನುವ ಕೆಂಪು ಮೂತಿಹುಳುವೂ ಅಕ್ಕಿಯ ಮೂತಿಹುಳುವೂ ಮೂತಿಹುಳುಗಳ ಮಹಾಕುಟುಂಬದಲ್ಲಿ ಒಂದೇ ಉಪಕುಟುಂಬಕ್ಕೆ ಸೇರಿದವು; ಬಾಳೆಯ ಗೆಡ್ಡೆಯನ್ನು ಕೊರೆಯುವ ಮೂತಿಹುಳುವೂ ಅವುಗಳ ದಾಯಾದಿಯೇ. ಒಂದು ಅಕ್ಕಿಕಾಳಿಗಿಂತಲೂ ಚಿಕ್ಕದು. ಇನ್ನೊಂದರ ಮರಿ ಎರಡು ಅಂಗುಲದವರೆಗೆ ಬೆಳೆಯುವುದು. ಕುಲ ಮಾತ್ರ ಒಂದೇ. ತಿಪ್ಪೆಯಲ್ಲಿದ್ದುದಾದರೋ ಕೊಂಬುಳ್ಳ ಕರಿಯ ದುಂಬಿಯ ಮರಿ. ಅದು ಸಗಣಿದುಂಬಿಯ ಬಂಧುವರ್ಗದ್ದು, ಮೂತಿಹುಳುವಿಗೆ ಬಲು ದೂರದ ಸಂಬಂಧ.

ಈ ಒಂದು ಭೇದವು ತಿಳಿದೊಡನೆ ಇಡೀ ರೋಗದ ಕಥೆಯೇ ತಿರುಗಿ ನಿಲ್ಲುವುದು. ಕೊಂಬಿನ ದುಂಬಿಯ ವಿಷಯದಲ್ಲಿ ಮರಿಯು ನಿರಪರಾಧಿ, ಪ್ರೌಢನೇ ಅಪರಾಧಿ. ಮರಿಯು ಗೊಬ್ಬರವನ್ನೋ ಕೊಳೆತ ದಿಮ್ಮಿಯನ್ನೋ ತಿಂದು ಸುಮ್ಮನಿರುವುದು. ರೆಕ್ಕೆ ಬಂದ ಮೇಲೆ ದುಂಬಿಯು ಹಾರಿ ಬಂದು ಬಿಚ್ಚದ ಸುಳಿಯನ್ನು ಕೊರೆಯುವುದು. ಆ ಗರಿಯು ಅರಳಿದಾಗ ಕತ್ತರಿಯಿಂದ ಕತ್ತರಿಸಿದ ಬೀಸಣಿಗೆಯಂತೆ ಕಾಣುವುದು. ಕೆಂಪು ಮೂತಿಹುಳುವಿನ ವಿಷಯದಲ್ಲಿ ಇದು ತಲೆಕೆಳಗು. ಪ್ರೌಢವು ಮರಕ್ಕೆ ಹೇಳಿಕೊಳ್ಳುವಂತಹ ಹಾನಿಯನ್ನು ಮಾಡುವುದಿಲ್ಲ. ಗಾಯವೊಂದನ್ನು ಹುಡುಕಿ ಅಲ್ಲಿ ಮೊಟ್ಟೆಗಳನ್ನಿಡುವುದು. ಒಂದು ಹೆಣ್ಣು ತನ್ನ ಆಯುಷ್ಯದಲ್ಲಿ ಇನ್ನೂರು ಮುನ್ನೂರು ಮೊಟ್ಟೆಗಳನ್ನಿಡಬಲ್ಲುದು. ಕೆಲವೇ ದಿನಗಳಲ್ಲಿ ಒಡೆದು ಬಂದ ಮರಿಗಳು ಒಂದರಿಂದ ಮೂರು ತಿಂಗಳು ಕಾಂಡದ ತಿರುಳನ್ನು ತಿನ್ನುತ್ತವೆ. ಹೊರಗೆ ಕಾಣುವುದು ಒಂದು ರಂಧ್ರ, ಅದರಿಂದ ಒಸರುವ ಕಂದುಬಣ್ಣದ ಅಂಟು, ಅಗಿದ ನಾರಿನ ಚೂರು, ಹುಳಿ ಬಂದ ವಾಸನೆ, ಅಷ್ಟೆ. ಕಾಂಡಕ್ಕೆ ಕಿವಿಗೊಟ್ಟರೆ ಒಳಗೆ ಅಗಿಯುವ ಸದ್ದು ಕೇಳುವುದೂ ಉಂಟು. ಸುಳಿ ಬಾಗಿದುದನ್ನು ಕಂಡು ಓಡಿ ಬರುವ ಹೊತ್ತಿಗೆ ಒಳಗೆ ಏನೂ ಉಳಿದಿರುವುದಿಲ್ಲ.

ಇಷ್ಟಾದರೂ ಈ ಎರಡು ಹುಳುಗಳಿಗೆ ಒಂದು ನಂಟಿದೆ. ಕೊಂಬಿನ ದುಂಬಿಯು ಮಾಡಿದ ಗಾಯವೇ ಮೂತಿಹುಳುವಿಗೆ ಬಾಗಿಲಾಗುವುದು. ಆದುದರಿಂದ ಆಳು ಹೇಳಿದುದು ಪೂರ್ತಿ ಸುಳ್ಳಲ್ಲ, ಅರ್ಧ ಸತ್ಯ. ತಿಪ್ಪೆಯನ್ನು ಶುದ್ಧಮಾಡುವುದೂ ಬೇಕು, ಅಲ್ಲಿನ ಮರಿಗಳಿಗೆ ರೋಗ ತಗುಲಿಸುವ ಹಸಿರು ಬೂಷ್ಟನ್ನು ಬೆರೆಸುವುದೂ ಬೇಕು. ಆದರೆ ಅಷ್ಟಕ್ಕೇ ನಿಂತರೆ ಮರವು ಉಳಿಯದು. ಮರದ ಗಾಯಗಳನ್ನು ಡಾಂಬರಿನಿಂದ ಮುಚ್ಚಬೇಕು. ಹಸಿಯ ಗರಿಯನ್ನು ಕಡಿಯುವಾಗ ಕಾಂಡಕ್ಕೆ ಹತ್ತಿರ ಕಡಿಯದೆ ಸುಮಾರು ನಾಲ್ಕು ಅಡಿ ಬುಡವನ್ನು ಬಿಡಬೇಕು. ಸತ್ತ ಮರವನ್ನು ತೋಟದಲ್ಲಿ ನಿಲ್ಲಿಸಿಕೊಳ್ಳದೆ ಸೀಳಿ ಸುಡಬೇಕು. 1993ರಲ್ಲಿ ಗಂಡು ಮೂತಿಹುಳು ತನ್ನವರನ್ನು ಕರೆಯುವ ಗಂಧದ್ರವ್ಯವು ಯಾವುದೆಂದು ವಿಜ್ಞಾನಿಗಳು ಕಂಡುಹಿಡಿದ ಮೇಲೆ ಅದನ್ನು ಬಕೀಟಿನಲ್ಲಿಟ್ಟು ಹುಳುಗಳನ್ನು ಹಿಡಿಯುವ ಉಪಾಯವೂ ಬಳಕೆಗೆ ಬಂದಿದೆ. ತಿಪಟೂರಿನ ಆ ತೋಟದಲ್ಲಿ ಹೋದ ಮರಗಳು ಹೋದವು. ಮಿಕ್ಕವುಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ ಇನ್ನೆರಡರಲ್ಲಿ ಕಂದುಬಣ್ಣದ ಅಂಟು ಕಾಣಿಸಿತು. ಅವುಗಳಲ್ಲಿ ಒಂದು ಚಿಕಿತ್ಸೆಯಿಂದ ಬದುಕಿತು. ತೋಟವನ್ನು ಮಾರುವ ಮಾತು ಅಲ್ಲಿಗೆ ನಿಂತಿತು.

ಮೂತಿಹುಳುವಿನ ಮರಿಯೆಂದು ತಿಳಿದರೆ ಸಾಲದೆ, ಯಾವ ಮೂತಿಹುಳುವಿನದೆಂದು ತಿಳಿಯಬೇಕಾದಾಗ ಕೆಲಸವು ಸೂಕ್ಷ್ಮವಾಗುವುದು. ಮೈಯ ಗಾತ್ರ ಬಣ್ಣಗಳನ್ನು ನಂಬಲಾಗದು. ಉಂಡಂತೆ ಉಬ್ಬುವ, ಸತ್ತಂತೆ ಕುಗ್ಗುವ ಮೈ ಅದು. ನಂಬತಕ್ಕುದು ಗಟ್ಟಿಯಾದ ತಲೆ ಮತ್ತು ಕೂದಲುಗಳು. ತಲೆಯು ಎದೆಯೊಳಕ್ಕೆ ಎಷ್ಟು ಸೇರಿದೆ, ದವಡೆಗೆ ಹಲ್ಲುಗಳೆಷ್ಟು, ತುಟಿಯ ಒಳಮೈಯಲ್ಲಿ ರೋಮಗಳು ಹೇಗೆ ನಿಂತಿವೆ, ಹೊಟ್ಟೆಯ ಒಂದೊಂದು ಖಂಡಕ್ಕೂ ಬೆನ್ನಿನಲ್ಲಿ ಮಡಿಕೆಗಳೆಷ್ಟು, ಉಸಿರಾಟದ ರಂಧ್ರಗಳ ರಚನೆ ಎಂತಹುದು, ಕಾಲಿರಬೇಕಾದೆಡೆಯ ಉಬ್ಬಿನಲ್ಲಿ ಎಷ್ಟು ಕೂದಲು, ಇವುಗಳನ್ನೆಲ್ಲ ಸೂಕ್ಷ್ಮದರ್ಶಕದಲ್ಲಿ ಎಣಿಸಬೇಕು. ಹಿಂದೆ ಒಬ್ಬೊಬ್ಬ ಪಂಡಿತನೂ ಈ ಅಂಗಗಳಿಗೆ ತನಗೆ ತೋರಿದ ಹೆಸರನ್ನಿಟ್ಟುದರಿಂದ ಒಬ್ಬರ ಬರಹವು ಒಬ್ಬರಿಗೆ ತಿಳಿಯದಂತಿದ್ದಿತು. ಅಮೆರಿಕದ ಡಬ್ಲ್ಯು. ಎಚ್. ಆಂಡರ್ಸನ್ ಎಂಬಾತನು 1947ರಲ್ಲಿ ಮೂತಿಹುಳುವಿನ ಮರಿಗಳ ಅಂಗಾಂಗಗಳಿಗೆ ಒಂದು ಪರಿಭಾಷೆಯನ್ನು ಕಟ್ಟಿಕೊಟ್ಟನು. ಪಾಣಿನಿಯ ಸಂಜ್ಞಾಸೂತ್ರಗಳಿಲ್ಲದೆ ವ್ಯಾಕರಣವು ನಡೆಯಲಾರದಂತೆ, ಹೆಸರುಗಳ ಒಪ್ಪಂದವಿಲ್ಲದೆ ಯಾವ ಶಾಸ್ತ್ರವೂ ನಡೆಯದು. ಆ ದಾರಿಯಲ್ಲಿ ಮುಂದುವರಿದು ನ್ಯೂಜಿಲೆಂಡಿನ ಬ್ರೆಂಡಾ ಮೇ ಎಂಬ ವಿದುಷಿಯು ಈ ಮರಿಗಳ ಸಮಗ್ರ ಪರಿಚಯವನ್ನು 1993ರಲ್ಲಿ ಪ್ರಕಟಿಸಿದರು.

ಪರೀಕ್ಷೆಗೆ ಮುಂಚಿನ ಸಂಸ್ಕಾರವೂ ಮುಖ್ಯ. ಮರಿಯನ್ನು ನೇರವಾಗಿ ಮದ್ಯಸಾರದಲ್ಲಿ ಹಾಕಿದರೆ ಅದು ಕಪ್ಪಾಗಿ ಕೆಡುವುದು. ಮೊದಲು ಕುದಿಯುವಷ್ಟು ಬಿಸಿಯಾದ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ, ಬಳಿಕ ಮದ್ಯಸಾರಕ್ಕೆ ವರ್ಗಾಯಿಸಬೇಕು. ಯಾವ ಗಿಡದಲ್ಲಿ, ಗಿಡದ ಯಾವ ಭಾಗದಲ್ಲಿ, ಯಾವ ದಿನ ದೊರೆಯಿತೆಂಬುದನ್ನು ಚೀಟಿಯಲ್ಲಿ ಬರೆದು ಶೀಸೆಯೊಳಗೇ ಹಾಕಬೇಕು. ಆ ಚೀಟಿಯಿಲ್ಲದ ಹುಳುವು ಊರು ಹೆಸರು ಹೇಳದ ಅತಿಥಿಯಂತೆ.

ಕೋಶಾವಸ್ಥೆಗೆ ಬಂದಾಗ ಕೆಲಸವು ಕೊಂಚ ಹಗುರಾಗುವುದು. ಕೆಂಪು ಮೂತಿಹುಳುವಿನ ಮರಿಯು ಬಲಿತ ಮೇಲೆ ತೆಂಗಿನ ನಾರನ್ನೇ ಸುತ್ತಿ ಸುತ್ತಿ ಮೊಟ್ಟೆಯಾಕಾರದ ಗೂಡನ್ನು ಮಾಡಿಕೊಳ್ಳುವುದು. ಗರಿಯ ಬುಡದಲ್ಲಿ ಆ ಗೂಡು ಸಿಕ್ಕಿದರೆ ಬೇರೆ ಸಾಕ್ಷಿಯೇ ಬೇಕಿಲ್ಲ. ಗೂಡನ್ನು ಬಿಡಿಸಿದರೆ ಒಳಗೆ ಮಲಗಿರುವ ಬಿಳುಪಾದ ಕೋಶದಲ್ಲಿ ಮೊತ್ತಮೊದಲಾಗಿ ಮೂತಿಯು ಕಾಣಿಸಿಕೊಳ್ಳುತ್ತದೆ. ಎದೆಯ ಮೇಲೆ ಬಾಗಿ ಮಲಗಿದ ಸೊಂಡಿಲು, ಅದರ ಪಕ್ಕದಲ್ಲಿ ಮಡಿಸಿದ ಮೀಸೆ, ಕೈಕಟ್ಟಿ ಕುಳಿತಂತೆ ಮಡಿಸಿದ ಕಾಲುಗಳು, ಎಲ್ಲವೂ ಬಿಡಿಬಿಡಿಯಾಗಿ ಕಾಣುವುವು. ಮೂತಿಯ ನೀಳ, ಬೆನ್ನಿನ ಮೇಲಣ ರೋಮಗಳು, ತೊಡೆಯ ತುದಿಯಲ್ಲಿ ಒಂದೇ ರೋಮವೋ ಎರಡೋ, ಬಾಲದ ತುದಿಯಲ್ಲಿ ಮುಳ್ಳುಗಳು ಹೇಗಿವೆ ಎಂಬುದರಿಂದ ಬಗೆಗಳನ್ನು ಬೇರ್ಪಡಿಸುವರು. ಹತ್ತಿಯ ಕಾಯಿಯನ್ನು ಕೆಡಿಸುವ ಅಮೆರಿಕದ ಮೂತಿಹುಳುವಿನ ಬಳಗದ ಕೋಶಗಳನ್ನು ಹೋರೇಸ್ ಬರ್ಕ್ ಎಂಬಾತನು 1968ರಲ್ಲಿ ಹೀಗೆಯೇ ವಿಂಗಡಿಸಿ ತೋರಿಸಿದನು.

ಕೋಶದ ವಿಷಯದಲ್ಲಿ ಇನ್ನೆರಡು ವಿಚಿತ್ರಗಳುಂಟು. ಮೊಂಡುಮೂತಿಯ ಹುಳುಗಳ ಒಂದು ದೊಡ್ಡ ಪಂಗಡವು ಮಣ್ಣಿನೊಳಗೆ ಕೋಶವಾಗುವುದು. ಅವು ಹೊರಗೆ ಬರುವ ಕಾಲಕ್ಕೆ ದವಡೆಯ ಮೇಲೆ ಒಂದು ಜೊತೆ ಹೆಚ್ಚಿನ ಹಲ್ಲುಗಳನ್ನು ಪಡೆದಿರುವುವು. ಮಣ್ಣನ್ನು ತೋಡಿಕೊಂಡು ಮೇಲೆ ಬಂದ ಬಳಿಕ ಆ ಹಲ್ಲುಗಳು ನಮ್ಮ ಮಕ್ಕಳ ಹಾಲುಹಲ್ಲಿನಂತೆ ಉದುರಿಹೋಗಿ, ಉದುರಿದೆಡೆಯಲ್ಲಿ ಕಲೆಯು ಮಾತ್ರ ಉಳಿಯುವುದು. ಆ ಕಲೆಯೇ ಮುಂದೆ ಪ್ರೌಢಹುಳುವಿನ ಕುಲಕ್ಕೆ ಗುರುತು. ಎರಡನೆಯದು ಇನ್ನೂ ಉಪಯುಕ್ತವಾದುದು. ಮರಿಯು ಕೋಶವಾಗುವಾಗ ಕಳಚಿದ ತಲೆಯ ಚಿಪ್ಪು ಮುದುಡಿಕೊಂಡು ಗೂಡಿನ ಮೂಲೆಯಲ್ಲಿಯೇ ಬಿದ್ದಿರುವುದು. ಪ್ರೌಢವು ಹೊರಟ ಮೇಲೆ ಕೋಶದ ಪೊರೆಯೂ ಅಲ್ಲಿಯೇ ಉಳಿಯುವುದು. ತಾಳ್ಮೆಯಿಂದ ಒಂದು ಮರಿಯನ್ನು ಸಾಕಿ, ರೆಕ್ಕೆ ಬಂದ ಮೇಲೆ ಆ ಗೂಡನ್ನು ಹುಡುಕಿದರೆ ಬಾಲ್ಯ, ಕೋಶ, ಯೌವನ ಮೂರೂ ಒಂದೇ ಜೀವದವೆಂಬುದಕ್ಕೆ ಸಾಕ್ಷಿ ಸಿಕ್ಕುವುದು. ಗ್ರಂಥಗಳಲ್ಲಿರುವ ಗುರುತುಗಳೆಲ್ಲವೂ ಮೂಲದಲ್ಲಿ ಹೀಗೆ ಯಾರೋ ಒಬ್ಬರು ಮರಿಯನ್ನು ಸಾಕಿ ಕಾದುದರಿಂದ ಬಂದವು.

ಸ್ಥಳವೂ ಒಂದು ಪ್ರಮಾಣವೇ. ಮಾವಿನ ಓಟೆಯೊಳಗೆ ಬೀಜವನ್ನು ತಿನ್ನುವ ಮರಿಯು ಓಟೆಯ ಮೂತಿಹುಳುವಿನದು. ಬಂಗಾಳ, ಅಸ್ಸಾಮುಗಳ ಕಡೆ ತಿರುಳನ್ನೇ ತಿನ್ನುವ ಮರಿಯು ಅದರ ಹತ್ತಿರದ ಬಂಧುವಿನದು. ಓಟೆಯ ಹುಳುವು ಎಳೆಯ ಕಾಯಿಯಲ್ಲಿಯೇ ಒಳಹೊಕ್ಕು, ಹೋದ ದಾರಿಯು ಕಾಯಿ ಬಲಿತಂತೆ ಮುಚ್ಚಿಹೋಗುವುದರಿಂದ ಹೊರಗಿನಿಂದ ಹಣ್ಣು ನಿಷ್ಕಳಂಕವಾಗಿ ತೋರುವುದು. ಅಮೆರಿಕವು ನಮ್ಮ ದೇಶದ ಮಾವನ್ನು ಬಹುಕಾಲ ಒಳಗೆ ಬಿಡದಿರಲು ಇಂತಹ ಹುಳುಗಳ ಭಯವೂ ಒಂದು ಕಾರಣವಾಗಿದ್ದಿತು; 2007ರಲ್ಲಿ ವಿಕಿರಣದಿಂದ ಸಂಸ್ಕರಿಸಿದ ಹಣ್ಣುಗಳಿಗೆ ಅಲ್ಲಿ ಬಾಗಿಲು ತೆರೆಯಿತು.

ಆದರೆ ಕಣ್ಣಿಗೆ ಒಂದು ಎಲ್ಲೆಯಿದೆ ಎಂಬುದನ್ನು ಮರೆಯಲಾಗದು. ಅಕ್ಕಿಯ ಮೂತಿಹುಳುವನ್ನೂ ಜೋಳದ ಮೂತಿಹುಳುವನ್ನೂ ಬೆಳೆದ ಮೇಲೆಯೇ ಹೊರಮೈಯಿಂದ ಬೇರ್ಪಡಿಸುವುದು ಕಷ್ಟ. ಜನನಾಂಗಗಳನ್ನು ಬಿಡಿಸಿ ನೋಡಬೇಕಾಗುವುದು. ಹೀಗಿರುವಲ್ಲಿ ಮರಿಗಳ ಮಾತೇನು! 2010ರಲ್ಲಿ ಕ್ಯಾಲಿಫೋರ್ನಿಯದ ಲಗೂನಾ ಬೀಚ್ ಎಂಬಲ್ಲಿ ತಾಳೆಮರದಲ್ಲಿ ಸಿಕ್ಕಿದ ಹುಳುವನ್ನು ಎಲ್ಲರೂ ನಮ್ಮ ಕೆಂಪು ಮೂತಿಹುಳುವೆಂದೇ ಎಣಿಸಿದರು. 2013ರಲ್ಲಿ ಪ್ರಕಟವಾದ ಪರೀಕ್ಷೆಯು, ಅದು ಆಗ್ನೇಯ ಏಷ್ಯದ ಬೇರೊಂದು ಬಗೆಯೆಂದು ಜೀವಾಣುಗಳ ವಂಶಸೂತ್ರದಿಂದ ಸಾಧಿಸಿತು. ಮರಿಯ ಮೈಯ ಒಂದು ತುಣುಕು ಸಾಕು, ಆ ಸೂತ್ರವನ್ನು ಓದಿ ಹೆಸರನ್ನು ಹೇಳುವ ವಿದ್ಯೆಯು ಇಂದು ಬೆಳೆದಿದೆ. ಆದರೆ ಆ ಓದಿಗೂ ಮೊದಲು, ಇಂತಹ ಹೆಸರಿನ ಹುಳು ಇಂತಹುದೆಂದು ನಿಶ್ಚಯಿಸಿಟ್ಟ ಮಾದರಿಯು ಬೇಕು. ಆ ಮಾದರಿಯನ್ನು ಸಿದ್ಧಪಡಿಸುವುದಕ್ಕೆ ಹುಳುಗಳನ್ನು ಬಲ್ಲ ಕಣ್ಣೇ ಬೇಕು.

ತರ್ಕಶಾಸ್ತ್ರದಲ್ಲಿ ಹೊಗೆಯಿಂದ ಬೆಂಕಿಯನ್ನು ಊಹಿಸುವಾಗ ಹೊಗೆಯೋ ಧೂಳೋ ಎಂದು ಮೊದಲು ನಿಶ್ಚಯಿಸಬೇಕೆನ್ನುವರು. ಮಂಜನ್ನು ಹೊಗೆಯೆಂದು ಬಗೆದವನ ಅನುಮಾನವು ಕ್ರಮಬದ್ಧವಾಗಿದ್ದರೂ ನಿಷ್ಫಲ. ತಿಪಟೂರಿನ ಯಜಮಾನರ ಶ್ರಮವು ಅಂತಹುದಾಗಿದ್ದಿತು. ಅವರು ಆಲಸಿಗಳಾಗಿರಲಿಲ್ಲ, ದುಡಿದರು, ಹಣವನ್ನೂ ವೆಚ್ಚಮಾಡಿದರು. ಕೊರತೆಯಾದುದು ಒಂದು ಗಳಿಗೆಯ ನೋಟ. ಬಿಳಿಯ ಹುಳುಗಳೆಲ್ಲ ಒಂದೇ ಎಂಬ ಮಾತಿನಲ್ಲಿ ಅಸಡ್ಡೆಯಿದೆ. ಇದಕ್ಕೆ ಕಾಲಿದೆ ಅದಕ್ಕಿಲ್ಲ ಎಂಬ ಮಾತಿನಲ್ಲಿ ಶಾಸ್ತ್ರದ ಆರಂಭವಿದೆ. ತೋಟವುಳ್ಳವರು ವಾರಕ್ಕೊಮ್ಮೆಯಾದರೂ ಮರಗಳ ಬುಡದಲ್ಲಿ ನಿಂತು ಕಾಂಡವನ್ನು ನೋಡಲಿ. ಕಂದುಬಣ್ಣದ ಒಂದು ಹನಿ ಕಂಡರೆ ಅದನ್ನು ನಾಳೆಗೆ ಬಿಡದಿರಲಿ. ಹುಳು ಸಿಕ್ಕಿದರೆ ತುಳಿಯುವ ಮೊದಲು ಮೊರದ ಮೇಲಿಟ್ಟು ಅದರ ಎದೆಯನ್ನು ನೋಡಲಿ. ಮನೆಯ ಮಕ್ಕಳನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡರೆ ಅವರಿಗೂ ಒಂದು ಪಾಠವಾಗುವುದು.